ಲಾರಿ ನಿಲ್ಲಿಸಿದ್ರೆ ಹೊಗೆನೂ ನಿಲ್ಲತ್ತಾ? ಗೋಣಿಕೊಪ್ಪದಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕೊಡಗಿನ ಗೋಣಿಕೊಪ್ಪದಲ್ಲಿ ನಮ್ಮದು ಸಿಮೆಂಟ್, ಕಬ್ಬಿಣದ ಅಂಗಡಿ, ಅಪ್ಪನ ಕಾಲದಿಂದ ಇದೆ. ಮೇನ್ ರೋಡಲ್ಲಿ ಜಾಮ್ ಜಾಸ್ತಿ ಆಗಿದೆ ಅಂತ ಹಗಲು ಹೊತ್ತು ಲಾರಿಗಳನ್ನ ಊರೊಳಗೆ ಬಿಡ್ಲೇಬಾರ್ದು ಅಂತ ಕೆಲವರು ಹೇಳ್ತಾ ಇದ್ದಾರೆ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಅಂತೆ. ಟ್ರಾಫಿಕ್ ಸರಿ ಹೋಗತ್ತೆ, ಹೊಗೆ ಕಡಿಮೆ ಆಗತ್ತೆ ಅನ್ನೋದು ಅವರ ವಾದ. ನಮ್ಮಂಥ ಅಂಗಡಿಯವರ ಗತಿ ಏನು? ನಿಜವಾಗ್ಲೂ ಹೊಗೆ ಕಡಿಮೆ ಆಗತ್ತಾ? ಬೇರೆ ಊರುಗಳಲ್ಲಿ ಏನಾಗಿದೆ ಸ್ವಲ್ಪ ಬಿಡಿಸಿ ಹೇಳಿ ಸರ್.

ಉತ್ತರ: ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಇಷ್ಟು ವರ್ಷದಿಂದ ಸರಕು ಸಾಗಣೆ ಲೆಕ್ಕಾನೇ ನೋಡ್ಕೊಂಡು ಬಂದಿರೋ ನಾನೇ ಹೋದ ತಿಂಗಳು ಭಾನುವಾರ ಸಂತೆ ದಿನ ನಿಮ್ಮೂರಲ್ಲಿ ಒಂದು ಸಿಮೆಂಟ್ ಲಾರಿ ಹಿಂದೆ ಅರ್ಧ ಗಂಟೆ ಸಿಕ್ಕಾಕ್ಕೊಂಡು ಇವನ್ನೆಲ್ಲ ಹಗಲಲ್ಲಿ ಯಾಕಾದ್ರೂ ಬಿಡ್ತಾರೋ ಅಂತ ಬೈಕೊಂಡಿದ್ದೆ. ಅದು ನಿಮ್ಮಂಗಡಿಗೇ ಬಂದ ಲೋಡೋ ಏನೋ! ಕಾರಲ್ಲಿ ಕೂತಾಗ ಒಂದು ಬುದ್ಧಿ, ಲೆಕ್ಕದ ಪುಸ್ತಕ ಮುಂದೆ ಇಟ್ಕೊಂಡಾಗ ಇನ್ನೊಂದು ಬುದ್ಧಿ, ಅದಕ್ಕೇನು ಮಾಡೋದು.

ಉತ್ತರ ಮೊದಲು ಹೇಳ್ಬಿಡ್ತೀನಿ, ಕಾರಣ ಆಮೇಲೆ. ಹಗಲಿಡೀ ನಿಷೇಧ ಹಾಕಿದ್ರೆ ಮೊದಲ ಒಂದೆರಡು ವಾರ ಮೇನ್ ರೋಡ್ ಹಗುರ ಆಯ್ತು ಅಂತ ಎಲ್ಲರಿಗೂ ಅನ್ಸತ್ತೆ, ಆಮೇಲೆ ನಿಧಾನಕ್ಕೆ ಪಿಕಪ್ಪುಗಳು ಜಾಸ್ತಿ ಆಗ್ತಾವೆ, ಒಟ್ಟು ಲೆಕ್ಕದಲ್ಲಿ ಹೊಗೆ ಕಡಿಮೆ ಆಗೋದಕ್ಕಿಂತ ಜಾಸ್ತಿ ಆಗೋ ಸಾಧ್ಯತೆನೇ ಹೆಚ್ಚು, ನಿಮಗೆ ಖರ್ಚು ಏರತ್ತೆ, ಆ ಖರ್ಚು ಕೊನೆಗೆ ಮನೆ ಕಟ್ಟೋರ ತಲೆ ಮೇಲೆ ಬೀಳತ್ತೆ. ಹಾಗಂತ ಈಗಿರೋ ಹಾಗೇ ಇರ್ಲಿ ಅಂತ ನಾನು ಹೇಳ್ತಾ ಇಲ್ಲ, ನಿಮ್ಮ ಪರ ವಕಾಲತ್ತು ಹಾಕ್ತಿದೀನಿ ಅಂತ ಖುಷಿ ಪಡ್ಬೇಡಿ, ನಿಮಗೂ ಒಂದೆರಡು ಮಾತಿದೆ.

ನಿಷೇಧ ಅಂದ್ರೆ ಲಾರಿ ಕಡಿಮೆ ಮಾಡೋದು ಅಂತ ಜನ ಅಂದ್ಕೊಳ್ತಾರೆ. ಆದ್ರೆ ಊರಿಗೆ ಬೇಕಾಗಿರೋ ಅಕ್ಕಿ, ಸಿಮೆಂಟ್, ಗೊಬ್ಬರ, ಗ್ಯಾಸ್ ಸಿಲಿಂಡರ್ ಕಡಿಮೆ ಆಗಲ್ವಲ್ಲ. ಕೊಡಗಿಗೆ ರೈಲೇ ಇಲ್ಲ, ಉಪ್ಪಿನಿಂದ ಹಿಡಿದು ಸರಳಿನ ತನಕ ಬರೋದೂ ರಸ್ತೇಲೆ, ಕಾಫಿ ಮೆಣಸು ಹೋಗೋದೂ ರಸ್ತೇಲೆ. ಮಾಲು ಬರ್ಲೇಬೇಕು ಅಂದ್ಮೇಲೆ ತಡೆದ ಲಾರಿ ಒಂದೋ ಹೊತ್ತು ಬದಲಿಸತ್ತೆ, ಇಲ್ಲ ದಾರಿ ಬದಲಿಸತ್ತೆ, ಇಲ್ಲ ಗಾತ್ರ ಬದಲಿಸತ್ತೆ. ಈ ಮೂರರಲ್ಲಿ ಯಾವುದು ಆಯ್ತು ಅಂತ ನೋಡದೆ ಹೊಗೆ ಬಗ್ಗೆ ಮಾತಾಡೋದು ಅಡುಗೆ ಆಗೋ ಮುಂಚೆ ಉಪ್ಪು ನೋಡಿದ ಹಾಗೆ.

ದಾರಿ ಬದಲಿಸೋದು ಏನು ಅಂತ ಗೋಣಿಕೊಪ್ಪದವರಿಗೆ ನಾನು ಹೇಳ್ಕೊಡ್ಬೇಕಾ? 2009ರಲ್ಲಿ ಬಂಡೀಪುರದ ಹೆದ್ದಾರಿ, ಆಗ 212 ಅಂತಿತ್ತು ಈಗ 766, ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ನಿಲ್ಲಿಸಿದ್ರು, 2010ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ರಾತ್ರಿ ಹೊತ್ತು ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯ್ತಿದ್ವು, ಆ ನಿಷೇಧ ಸರಿ ಅಂತಲೇ ನನ್ನ ಅಭಿಪ್ರಾಯ, ಅದನ್ನ ತೆಗೀಬೇಕು ಅನ್ನೋರ ಜೊತೆ ನಾನಿಲ್ಲ. ಆದ್ರೆ ಮೈಸೂರಿಂದ ವಯನಾಡಿಗೆ ರಾತ್ರಿ ಹೋಗೋ ಲಾರಿ ಹೋಗೋದು ಬಿಡ್ತಾ? ಬಿಡ್ಲಿಲ್ಲ. ಬದಲಿ ದಾರಿ ಅಂತ ತೋರಿಸಿದ್ದೇ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ರಸ್ತೆ, ಮೂವತ್ತು ಕಿಲೋಮೀಟರ್‌ಗೂ ಮೇಲೆ ಸುತ್ತು. ಅಂದ್ರೆ ನಿಮ್ಮಂಗಡಿ ಮುಂದೆ ರಾತ್ರಿ ಸಾಲಾಗಿ ಕುಟ್ಟ ಕಡೆ ಹೋಗೋ ಕೇರಳದ ಲಾರಿಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಇನ್ನೊಂದು ಊರಿನ ನಿಷೇಧದ ಮಕ್ಕಳು. ಅಲ್ಲಿ ಕಾಡಿಗೆ ಒಳ್ಳೇದಾಯ್ತು ನಿಜ, ಡೀಸೆಲ್ ಮಾತ್ರ ಜಾಸ್ತಿನೇ ಉರೀತು, ಮತ್ತೆ ಅದು ಉರಿದಿದ್ದು ನಿಮ್ಮೂರಲ್ಲಿ. ಈಗ ನೀವು ಹಗಲಲ್ಲಿ ನಿಲ್ಲಿಸಿದ್ರೆ ಹಾದುಹೋಗೋ ಗಾಡಿಗಳು ಪೊನ್ನಂಪೇಟೆ ಕಡೆಯೋ ತೋಟದ ನಡುವಿನ ಯಾವುದಾದ್ರೂ ಸಣ್ಣ ರಸ್ತೆಯೋ ಹುಡುಕ್ತಾವೆ, ಗೂಗಲ್ ಮ್ಯಾಪ್ ತೋರಿಸತ್ತಲ್ಲ ದರಿದ್ರದ್ದು, ಆ ರಸ್ತೆಗಳಲ್ಲಿ ಎದುರಿಗೆ ಶಾಲೆ ವ್ಯಾನ್ ಬಂದ್ರೆ ಎರಡರಲ್ಲಿ ಒಂದು ಚರಂಡಿಗೆ ಇಳೀಬೇಕು.

ಇನ್ನು ಗಾತ್ರ. ಇದು ನಿಮಗೆ ನೇರವಾಗಿ ತಟ್ಟೋದು, ಹಾಗಾಗಿ ಕೂತು ಲೆಕ್ಕ ಹಾಕೋಣ. ಆರು ಚಕ್ರದ ಲಾರಿ ಒಂದು 9 ಟನ್ ತಂತು ಅಂತಿಟ್ಕೊಳ್ಳಿ, 50 ಕೆಜಿ ಚೀಲ 180. ಪಿಕಪ್ಪಿಗೆ ಕಾಗದದ ಪ್ರಕಾರ ಒಂದೂವರೆ ಟನ್ (ಕಾಗದ ಬಿಟ್ಟು ಎಷ್ಟು ಹೇರ್ತಾರೆ ಅಂತ ನಿಮಗೂ ಗೊತ್ತು ನನಗೂ ಗೊತ್ತು), ಟಾಟಾ ಏಸ್‌ಗೆ ಮುಕ್ಕಾಲು ಟನ್. ಹಾಗಾದ್ರೆ ಆರು ಪಿಕಪ್ ಟ್ರಿಪ್ಪು, ಇಲ್ಲ ಹನ್ನೆರಡು ಏಸ್ ಟ್ರಿಪ್ಪು. ಲಾರಿ ಲೀಟರ್‌ಗೆ ನಾಲ್ಕೂವರೆ ಕಿಲೋಮೀಟರ್ ಕೊಟ್ರೆ ಪಿಕಪ್ಪು 12 ಕೊಡತ್ತೆ ಅನ್ನೋಣ, ನಮ್ಮ ಏರು ತಿರುವುಗಳಲ್ಲಿ ಎರಡೂ ಇನ್ನೂ ಕಡಿಮೆನೇ. ಹತ್ತು ಕಿಲೋಮೀಟರ್ ದಾರಿಗೆ ಲಾರಿ ಕುಡಿಯೋದು ಸುಮಾರು ಎರಡೂಕಾಲು ಲೀಟರ್, ಆರು ಪಿಕಪ್ಪು ಸೇರಿ ಕುಡಿಯೋದು ಐದು ಲೀಟರ್. ಒಂದು ಲೀಟರ್ ಡೀಸೆಲ್ ಉರಿದ್ರೆ ಸುಮಾರು 2.6 ಕೆಜಿ ಕಾರ್ಬನ್ ಡೈಆಕ್ಸೈಡ್, ಅದಕ್ಕೆ ಗಾಡಿ ದೊಡ್ಡದೋ ಚಿಕ್ಕದೋ ಅನ್ನೋ ಭೇದ ಇಲ್ಲ. ವಾಪಸ್ ಖಾಲಿ ಹೋಗೋದೂ ಒಂದರ ಬದಲು ಆರು. ಮತ್ತೆ ರಸ್ತೆ ಜಾಗ ನೋಡಿ, ಲಾರಿ ಉದ್ದ ಒಂದು ಏಳೆಂಟು ಮೀಟರ್, ಆರು ಪಿಕಪ್ಪು ಒಂದರ ಹಿಂದೆ ಒಂದು ನಿಂತ್ರೆ ಮಧ್ಯದ ಜಾಗ ಸೇರಿ ನಲವತ್ತು ಮೀಟರ್ ಹತ್ರ ಹೋಗತ್ತೆ. ಜಾಮ್ ಕಡಿಮೆ ಮಾಡೋಕೆ ಹೊರಟು ಜಾಮ್ ಕತ್ತರಿಸಿ ಹಂಚಿದ ಹಾಗೆ.

ಕಣ್ಣಿಗೆ ಕಾಣೋ ಹೊಗೆ ಬಗ್ಗೆ ಒಂದು ಮಾತು. ಗಾಡಿ ದೊಡ್ಡದು ಅಂದ್ರೆ ಹೊಗೆ ದೊಡ್ಡದು ಅನ್ನೋದು ಎಲ್ಲರ ನಂಬಿಕೆ, ಒಂದು ಕಾಲಕ್ಕೆ ನಿಜಾನೂ ಇತ್ತು. ಆದ್ರೆ 2020ರ ಏಪ್ರಿಲ್‌ನಿಂದ ಮಾರಾಟ ಆಗ್ತಿರೋದೆಲ್ಲ ಬಿಎಸ್-6 ಗಾಡಿ, ಅಂದ್ರೆ ಹೊಗೆ ಮಿತಿ ಬಗ್ಗೆ ಸರ್ಕಾರ ಹಾಕಿದ ಆರನೇ ಹಂತದ ನಿಯಮಕ್ಕೆ ತಕ್ಕವು. ದೊಡ್ಡ ಎಂಜಿನ್‌ಗಳಿಗೆ ನೈಟ್ರೋಜನ್ ಆಕ್ಸೈಡ್ ಮಿತಿ ಬಿಎಸ್-4 ಇದ್ದಾಗ ಒಂದು ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ, ಬಿಎಸ್-6ರಲ್ಲಿ 0.4 ಗ್ರಾಂ, ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ. ಡೀಸೆಲ್‌ನಲ್ಲಿರೋ ಗಂಧಕದ ಮಿತಿನೂ ಹತ್ತು ಲಕ್ಷ ಭಾಗಕ್ಕೆ 50 ಇದ್ದಿದ್ದು 10ಕ್ಕೆ ಇಳೀತು, ಮಸಿ ಹಿಡಿಯೋ ಫಿಲ್ಟರ್ ಬಂತು, ಯೂರಿಯಾ ದ್ರಾವಣ ಹಾಕೋ ಇನ್ನೊಂದು ಟ್ಯಾಂಕ್ ಬಂತು. ಅಂದ್ರೆ ಹೊಸ ಹತ್ತು ಚಕ್ರದ ಲಾರಿ ಒಂದನ್ನ ಊರಾಚೆ ನಿಲ್ಲಿಸಿ, ಅದರ ಮಾಲನ್ನ 2012-13ರ ಹಳೇ ಪಿಕಪ್ಪು, ಗೂಡ್ಸ್ ಆಟೋಗಳಿಗೆ ತುಂಬಿ ಒಳಗೆ ಕಳಿಸಿದ್ರೆ ಮೂಗಿಗೆ ಬರೋ ಮಸಿ ಖಂಡಿತ ಜಾಸ್ತಿ. ಹಳೇ ಲಾರಿ ಬದಲು ಹೊಸ ಪಿಕಪ್ ಬಂದ್ರೆ ಲೆಕ್ಕ ಉಲ್ಟಾ. ಇದು ಗಾಡಿ ವಯಸ್ಸಿನ ಪ್ರಶ್ನೆ, ಅಳತೆ ಪ್ರಶ್ನೆ ಅಲ್ಲ, ಆದ್ರೆ ನಿಷೇಧ ಹಾಕೋರು ಚಕ್ರ ಎಣಿಸ್ತಾರೆ, ವಯಸ್ಸು ಕೇಳಲ್ಲ. ಬ್ರೇಕು, ಟೈರು ಸವೆದು ಬರೋ ಧೂಳು, ರಸ್ತೆ ಬದಿಯ ಮಣ್ಣು ಎದ್ದು ಬರೋ ಧೂಳು ಇವಕ್ಕಂತೂ ಬಿಎಸ್ ನಂಬರ್ ಗೊತ್ತೇ ಇಲ್ಲ, ಜನವರಿ ಫೆಬ್ರವರೀಲಿ ನಿಮ್ಮ ಮೇನ್ ರೋಡಲ್ಲಿ ಗಂಟಲು ಕೆರೆಯೋದರಲ್ಲಿ ಅದರ ಪಾಲೂ ದೊಡ್ಡದು.

ಹೊತ್ತು ಬದಲಿಸಿದ್ರೆ? ಎಲ್ಲರೂ ಹೇಳೋದು ಇದೇ, ರಾತ್ರಿ ಬರ್ಲಿ ಬಿಡಿ ಅಂತ. ರಾತ್ರಿ ರಸ್ತೆ ಖಾಲಿ, ನಿಂತು ನಿಂತು ಹೋಗೋದು ತಪ್ಪತ್ತೆ, ಡೀಸೆಲ್ ಉಳಿಯತ್ತೆ, ಇದು ನಿಜ, ಒಪ್ತೀನಿ. ಆದ್ರೆ ಗಾಳಿ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹಗಲಲ್ಲಿ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳತ್ತೆ, ಹೊಗೆ ಮೇಲಕ್ಕೆ ಹೋಗಿ ತೆಳು ಆಗತ್ತೆ. ರಾತ್ರಿ ನೆಲ ತಣ್ಣಗಾದ್ಮೇಲೆ ಕೆಳಗಿನ ಗಾಳಿ ಮುಚ್ಚಳ ಹಾಕಿದ ಹಾಗೆ ಅಲ್ಲೇ ಕೂತಿರತ್ತೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಗದ್ದೆ ಮೇಲೆ ಮಂಜು ಹಾಸಿಗೆ ಥರ ಬಿದ್ದಿರೋದು ನೋಡಿದೀರಲ್ಲ, ಒಲೆ ಹೊಗೆ ಮೇಲೆ ಹೋಗದೆ ಅಡ್ಡಡ್ಡ ಹರಿಯತ್ತಲ್ಲ, ಅದೇ ಇದು. ಹಾಗಾಗಿ ಅದೇ ಲಾರಿ ಅದೇ ಹೊಗೆ ಮಧ್ಯಾಹ್ನ 2ಕ್ಕೆ ಬಿಟ್ರೆ ಆಗೋ ಸಾಂದ್ರತೆ ಬೇರೆ, ರಾತ್ರಿ 2ಕ್ಕೆ ಬಿಟ್ರೆ ಬೇರೆ. ರಸ್ತೆ ಮೇಲೆ ಜನ ಕಡಿಮೆ ಇರ್ತಾರೆ ನಿಜ, ಆದ್ರೆ ರಸ್ತೆ ಬದಿ ಮನೆಗಳಲ್ಲಿ ಮಲಗಿರೋರು ಉಸಿರಾಡ್ತಾನೇ ಇರ್ತಾರಲ್ಲ. ದೆಹಲಿಯಲ್ಲಿ ಎಷ್ಟೋ ವರ್ಷದಿಂದ ಹಗಲು ಹೊತ್ತು ಲಾರಿಗೆ ನಿರ್ಬಂಧ ಇದೆ, ರಾತ್ರಿ ಗೇಟ್ ತೆಗೆದ ಕೂಡ್ಲೇ ಒಟ್ಟಿಗೆ ನುಗ್ತಾವೆ, ಚಳಿಗಾಲದ ರಾತ್ರಿ ಅಲ್ಲಿನ ಗಾಳಿ ಕೆಡೋಕೆ ಇದೂ ಒಂದು ಕಾರಣ.

ನಮ್ಮಲ್ಲಿ ರಾತ್ರಿ ಅಂದ್ರೆ ಇನ್ನೊಂದು ಕಥೆ, ಆನೆ. ಹುಣಸೂರಿಂದ ನಿಮ್ಮೂರಿಗೆ ಬರೋ ರಸ್ತೆ ಆನೆಚೌಕೂರು, ತಿತಿಮತಿ ಕಾಡು ದಾಟಿ ಬರತ್ತೆ. ಬಂಡೀಪುರದಲ್ಲಿ ಯಾವ ಕಾರಣಕ್ಕೆ ರಾತ್ರಿ ಮುಚ್ಚಿದ್ರೋ ಅದೇ ಕಾರಣ ಇಲ್ಲೂ ಇದೆ, ಅಂಥದ್ರಲ್ಲಿ ಹಗಲು ಬರೋ ಲಾರಿಗಳನ್ನೂ ರಾತ್ರಿಗೆ ದೂಡಿದ್ರೆ ನಾಳೆ ಅರಣ್ಯ ಇಲಾಖೆಯವರು ರಾತ್ರಿ ಬೇಡ ಅಂತಾರೆ, ಆಗ ಹಗಲೂ ಇಲ್ಲ ರಾತ್ರಿನೂ ಇಲ್ಲ ಅಂತಾದ್ರೆ ಮಾಲು ಹೆಲಿಕಾಪ್ಟರ್‌ನಲ್ಲಿ ತರ್ಬೇಕು. ತಮಾಷೆ ಮಾಡ್ತಿಲ್ಲ, ಬೆಳಿಗ್ಗೆ ಎಂಟು ಗಂಟೆ ಒಳಗೆ ಇಳಿಸಿ ಹೊರಡ್ಬೇಕು ಅನ್ನೋ ಅವಸರದಲ್ಲಿ ನಾಲ್ಕು ಗಂಟೆಗೆ ಮಂಜಲ್ಲಿ ಕಾಡು ರಸ್ತೇಲಿ ಓಡಿಸೋ ಡ್ರೈವರ್ ಬಗ್ಗೆ ಯಾರೂ ಯೋಚನೆ ಮಾಡಲ್ಲ.

ಬೇರೆ ಊರು ಕೇಳಿದ್ರಲ್ಲ. ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ 1978ರಿಂದಲೇ ಲಾರಿ ನಿರ್ಬಂಧ ಇತ್ತು, 2014ರ ಫೆಬ್ರವರೀಲಿ ಅಲ್ಲಿನ ನಗರಾಡಳಿತ ಹಗಲು ಹೊತ್ತಿನ ನಿಷೇಧ ಇನ್ನೂ ಬಿಗಿ ಮಾಡ್ತು. ಬಂದರಿಂದ ಕಂಟೇನರ್ ಹೊರಗೆ ಹೋಗೋಕೆ ಆಗ್ಲಿಲ್ಲ, ಒಂದರ ಮೇಲೊಂದು ಪೇರಿಸ್ತಾ ಹೋಗಿ ಬಂದರೇ ಕಟ್ಟಿಕೊಂಡು ಬಿಡ್ತು, ಕಾರ್ಖಾನೆಗಳಿಗೆ ಕಚ್ಚಾ ಮಾಲಿಲ್ಲ, ಬಾಡಿಗೆ ಏರ್ತು, ಸೆಪ್ಟೆಂಬರ್‌ನಲ್ಲಿ ನಿಷೇಧ ವಾಪಸ್ ತಗೊಂಡ್ರು. ಏಳು ತಿಂಗಳೂ ತಡೀಲಿಲ್ಲ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಗರದ ನಡುಭಾಗಕ್ಕೆ 2008ರಲ್ಲಿ ನಿರ್ಬಂಧ ಬಿಗಿ ಆದಾಗ ಮಾಲು ಸಾಗಿಸೋರು ಸಣ್ಣ ಗಾಡಿಗಳ ಕಡೆ ತಿರುಗಿದ್ರು. ನಾನು ಹೇಳಿದ ಪಿಕಪ್ ಲೆಕ್ಕ ಅಲ್ಲಿ ಪೋರ್ಚುಗೀಸ್ ಭಾಷೇಲಿ ಆಯ್ತು ಅಷ್ಟೇ.

ದೆಹಲಿ ಕಥೆ ಸ್ವಲ್ಪ ಬೇರೆ, ಅದರಲ್ಲಿ ನಮಗೆ ಪಾಠ ಇದೆ. ಅಲ್ಲಿಗೆ ಬರೋ ಲಾರಿಗಳಲ್ಲಿ ಎಷ್ಟೋ ದೆಹಲಿಗೆ ಬರೋವೇ ಅಲ್ಲ, ಬರೀ ಹಾದುಹೋಗೋವು. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಗೆ ಬರೋ ಸರಕು ಗಾಡಿಗಳಿಗೆ ಪರಿಸರ ಪರಿಹಾರ ಶುಲ್ಕ ಹಾಕ್ತು, ಸಣ್ಣ ಗಾಡಿ ಮತ್ತೆ ಎರಡು ಆಕ್ಸಲ್ (ಚಕ್ರ ಜೋಡಿಸೋ ಅಡ್ಡ ದಂಡ) ಲಾರಿಗೆ 700 ರೂಪಾಯಿ, ಮೂರು ಆಕ್ಸಲ್ ಮೇಲಿನದಕ್ಕೆ 1300, ಡಿಸೆಂಬರ್‌ನಲ್ಲಿ ಅದನ್ನೂ ದುಪ್ಪಟ್ಟು ಮಾಡಿ 1400, 2600. ಇದರ ಹಿಂದಿನ ಯೋಚನೆ ಏನಂದ್ರೆ ದೆಹಲಿಯೊಳಗೆ ಕೆಲಸ ಇಲ್ಲದವನು ದುಡ್ಡು ಉಳಿಸೋಕೆ ಆದ್ರೂ ಹೊರಗಿಂದ ಹೋಗ್ಲಿ. 2018ರಲ್ಲಿ ಊರು ಸುತ್ತಿಕೊಂಡು ಹೋಗೋ ಪೂರ್ವ, ಪಶ್ಚಿಮ ಎಕ್ಸ್‌ಪ್ರೆಸ್‌ವೇ ಎರಡೂ ತೆರೆದ ಮೇಲೆ ಹೋಗೋಕೆ ಒಂದು ದಾರಿನೂ ಆಯ್ತು. ಹಾದುಹೋಗೋ ಲಾರಿ ಬೇರೆ, ಮಾಲು ಇಳಿಸೋಕೆ ಬರೋ ಲಾರಿ ಬೇರೆ, ಎರಡಕ್ಕೂ ಒಂದೇ ಮದ್ದು ಕೊಡ್ಬಾರ್ದು ಅನ್ನೋದು ಇಲ್ಲಿಂದ ಕಲಿಯೋದು. ನಿಮ್ಮೂರಲ್ಲೂ ಮೇನ್ ರೋಡಲ್ಲಿ ಕಾಣೋ ಲಾರಿ ಎಲ್ಲಾ ನಿಮ್ಮೂರಿಗೇ ಬಂದಿದ್ದಲ್ಲ, ಅವನ್ನ ಸೇರಿಸಿ ಬೈಯೋದು ಅಂಗಡಿಯವರನ್ನ.

ಲಂಡನ್‌ನಲ್ಲಿ ನೋಡಿದ್ರೆ ಉಲ್ಟಾ. ಅಲ್ಲಿ 1985ರಿಂದ 18 ಟನ್‌ಗಿಂತ ಭಾರದ ಲಾರಿಗೆ ನಿರ್ಬಂಧ ಇರೋದು ರಾತ್ರಿ ಮತ್ತೆ ವಾರಾಂತ್ಯ, ಜನರ ನಿದ್ದೆ ಹಾಳಾಗತ್ತೆ ಅಂತ. ಬಾರ್ಸಿಲೋನಾದವರು ನಿದ್ದೆನೂ ಕೆಡಬಾರ್ದು ಮಾಲೂ ಬರ್ಬೇಕು ಅಂತ 2003ರ ಸುಮಾರಿಗೆ ಒಂದು ಪ್ರಯೋಗ ಮಾಡಿದ್ರು, ಸದ್ದಾಗದ ಹಾಗೆ ತಯಾರು ಮಾಡಿದ ದೊಡ್ಡ ಲಾರಿ ರಾತ್ರಿ ಸೂಪರ್‌ಮಾರ್ಕೆಟ್‌ಗೆ ಕಳಿಸಿದ್ರು, ಹಗಲು ಏಳು ಗಾಡಿ ಬರೋ ಕಡೆ ರಾತ್ರಿ ಎರಡು ದೊಡ್ಡ ಲಾರಿ ಸಾಕಾಯ್ತು. ಗಮನಿಸಿ, ಅವರು ಗಾಡಿ ಚಿಕ್ಕದು ಮಾಡ್ಲಿಲ್ಲ, ದೊಡ್ಡದು ಮಾಡಿದ್ರು, ಅದಕ್ಕೇ ಹೊಗೆ ಕಡಿಮೆ ಆಗಿದ್ದು. ನ್ಯೂಯಾರ್ಕ್‌ನಲ್ಲಿ 2009-10ರ ಪ್ರಯೋಗದಲ್ಲಿ ಇನ್ನೊಂದು ವಿಷಯ ಗೊತ್ತಾಯ್ತು, ಮಾಲು ಯಾವಾಗ ಬರ್ಬೇಕು ಅಂತ ತೀರ್ಮಾನ ಮಾಡೋದು ಲಾರಿಯವನಲ್ಲ, ಅಂಗಡಿಯವನು. ಲಾರಿಯವನಿಗೆ ರಾತ್ರಿ ಓಡಿಸೋದು ಇಷ್ಟಾನೇ, ಜಾಮ್ ಇಲ್ಲ ದಂಡ ಇಲ್ಲ, ಆದ್ರೆ ಅಂಗಡಿ ಬಾಗಿಲು ತೆಗೆಯೋರು ಬೇಕಲ್ಲ. ಹಾಗಾಗಿ ಅಲ್ಲಿ ದುಡ್ಡು ಕೊಟ್ಟು ಹುರಿದುಂಬಿಸಿದ್ದು ಅಂಗಡಿಯವರನ್ನ. ನಮ್ಮಲ್ಲಿ ಪೊಲೀಸ್ರು ಹಿಡಿಯೋದು ಮಾತ್ರ ಡ್ರೈವರ್‌ನ, ಪಾಪ.

ಈಗ ನಿಮ್ಮ ವ್ಯಾಪಾರಕ್ಕೆ ಬರೋಣ. ಬೇರೆ ಎಲ್ಲ ಅಂಗಡಿಗಿಂತ ಸಿಮೆಂಟ್ ಕಬ್ಬಿಣದವರಿಗೆ ಏಟು ಜಾಸ್ತಿ. ಬಟ್ಟೆ ಅಂಗಡಿಯವನಿಗೆ ಪಾರ್ಸೆಲ್ ಆಫೀಸಿಂದ ಆಟೋದಲ್ಲಿ ಎರಡು ಬಂಡಲ್ ಬರತ್ತೆ, ಅವನಿಗೆ ಲಾರಿ ನಿಷೇಧ ಆಗಿದ್ದೇ ಗೊತ್ತಾಗಲ್ಲ. ಮೀನಿನವರು, ತರಕಾರಿಯವರು ಹೇಗೂ ಬೆಳಕು ಹರಿಯೋ ಮುಂಚೆ ಬರ್ತಾರೆ. ಮೆಡಿಕಲ್ ಶಾಪ್, ಹಾಲು, ಪೆಟ್ರೋಲ್ ಟ್ಯಾಂಕರ್, ಗ್ಯಾಸ್ ಇವಕ್ಕೆ ಅಗತ್ಯ ವಸ್ತು ಅಂತ ವಿನಾಯಿತಿ ಕೊಡ್ತಾರೆ. ಉಳಿಯೋದು ನೀವು. ಸರಳು 12 ಮೀಟರ್ ಉದ್ದ ಬರತ್ತೆ, ಮಡಚಿದ್ರೂ ಪಿಕಪ್ಪಲ್ಲಿ ಹಿಂದೆ ಬಾಲ ಥರ ನೇತಾಡತ್ತೆ, ಹಿಂದೆ ಬೈಕಲ್ಲಿ ಬರೋನ ಎದೆಗೆ ನೇರ. ಸಿಮೆಂಟ್ ಊರಾಚೆ ಒಂದು ಗೋಡೌನ್‌ಗೆ ಇಳಿಸಿ, ಅಲ್ಲಿಂದ ಪಿಕಪ್ಪಿಗೆ ಹತ್ತಿಸಿ, ಅಂಗಡೀಲಿ ಮತ್ತೆ ಇಳಿಸ್ಬೇಕು ಅಂದ್ರೆ ಒಂದು ಚೀಲಕ್ಕೆ ಹಮಾಲಿ ಕೂಲಿ ಒಂದು ಸಲದ ಬದಲು ಮೂರು ಸಲ, ಎತ್ತಿ ಹಾಕುವಾಗ ಹರಿಯೋ ಚೀಲಗಳ ಲುಕ್ಸಾನು ಬೇರೆ, ಗೋಡೌನ್ ಬಾಡಿಗೆ ಬೇರೆ, ಕಾಯೋಕೆ ಒಬ್ಬ ಬೇರೆ. ರಾತ್ರಿ ಇಳಿಸ್ತೀವಿ ಅಂದ್ರೆ ಹಮಾಲರು ಸಿಗ್ಬೇಕು, ಕಾಫಿ ಕೊಯ್ಲಿನ ಕಾಲದಲ್ಲಿ ಹಗಲೇ ಜನ ಸಿಗಲ್ಲ. ಲಾರಿಯವನು ಬೆಳಿಗ್ಗೆ 9ಕ್ಕೆ ತಲುಪಿ ರಾತ್ರಿ 8ರ ತನಕ ಕಾದ್ರೆ ಹಾಲ್ಟಿಂಗ್ ಕೇಳ್ತಾನೆ, ಕೇಳದೆ ಇದ್ರೂ ಮುಂದಿನ ಸಲ ಬಾಡಿಗೇಲೇ ಸೇರಿಸ್ತಾನೆ, ಯಾಕಂದ್ರೆ ವಾರಕ್ಕೆ ನಾಲ್ಕು ಟ್ರಿಪ್ ಹೊಡೀತಿದ್ದವನಿಗೆ ಮೂರೇ ಆಗತ್ತೆ, ಕಂತು ಮಾತ್ರ ಅಷ್ಟೇ ಇರತ್ತೆ. ಮತ್ತೆ ಸ್ಟಾಕ್. ಬೇಕಾದಾಗ ತರಿಸ್ಕೊಳ್ಳೋಕೆ ಆಗಲ್ಲ ಅಂದ್ರೆ ಜಾಸ್ತಿ ಇಟ್ಕೋಬೇಕು, ನಮ್ಮ ಜೂನ್ ಜುಲೈ ಥಂಡೀಲಿ ಸಿಮೆಂಟ್ ಜಾಸ್ತಿ ದಿನ ಇಟ್ರೆ ಏನಾಗತ್ತೆ ಅಂತ ನಿಮಗೆ ನಾನು ಹೇಳೋದಾ, ಕಲ್ಲು. ದೊಡ್ಡ ವ್ಯಾಪಾರಿ ಊರಾಚೆ ಜಾಗ ತಗೊಂಡು ಹೋಗಿಬಿಡ್ತಾನೆ, ಸಣ್ಣವನು ಸಾಯ್ತಾನೆ. ಲಾರಿ ನಿಷೇಧ ಎಲ್ಲಿ ಆದ್ರೂ ಈ ಪಕ್ಷಪಾತ ಇದ್ದೇ ಇರತ್ತೆ, ಯಾರೂ ಬೇಕಂತ ಮಾಡಿದ್ದಲ್ಲ ಆದ್ರೂ ಹಾಗೇ ಆಗತ್ತೆ.

ಇಲ್ಲಿ ಒಂದು ಗೊಂದಲ ಬಿಡಿಸ್ಬೇಕು, ಯಾಕಂದ್ರೆ ಕೊಡಗಿನಲ್ಲಿ ಲಾರಿ ನಿಷೇಧ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಮಳೆಗಾಲದ್ದು. ಅದು ಬೇರೆನೇ ಜಾತಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಮಡಿಕೇರಿ ಸಂಪಾಜೆ ರಸ್ತೆ ಹೋದಾಗ, ಅದೇ ಹೊತ್ತಿಗೆ ಶಿರಾಡಿ ಘಾಟಿ ರಸ್ತೆ ಕೂಡ ಕುಸಿದು, ಮಂಗಳೂರು ಕಡೆಯಿಂದ ಮಾಲು ಬರೋದೇ ನಿಂತಿತ್ತು. ಆಮೇಲೆ ಮಳೆ ಜೋರಾದಾಗೆಲ್ಲ ಭಾರದ ಗಾಡಿಗೆ ಜಿಲ್ಲಾಡಳಿತ ತಡೆ ಹಾಕೋದು ರೂಢಿ ಆಗಿದೆ. ಆಗ ನಮ್ಮ ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಜಾರಿ ತಡೆಗೋಡೆ ಅರ್ಧ ಕಟ್ಟಿ ನಿಂತಿತ್ತು, ಮರಳೂ ಇಲ್ಲ ಜಲ್ಲೀನೂ ಇಲ್ಲ, ದಿನಾ ಆಕಾಶ ನೋಡ್ಕೊಂಡು ಶಾಪ ಹಾಕ್ತಿದ್ದೆ. ಆದ್ರೂ ಹೇಳ್ತೀನಿ, ಆ ನಿಷೇಧ ಸರಿ. ಅಲ್ಲಿರೋ ಪ್ರಶ್ನೆ ಹೊಗೆ ಅಲ್ಲ, ತೂಕ. ರಸ್ತೆಗೆ ಆಗೋ ಪೆಟ್ಟು ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದ ಲೆಕ್ಕದಲ್ಲಿ ಏರತ್ತೆ, ಅಂದ್ರೆ ಭಾರ ಎರಡು ಪಟ್ಟಾದ್ರೆ ಪೆಟ್ಟು ಹದಿನಾರು ಪಟ್ಟು. ಅದೇ 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಎರಡು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿನ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತ್ತು ಬೇರೆ. ನೀರು ಕುಡಿದು ಮೆತ್ತಗಾದ ಗುಡ್ಡದ ಅಂಚಿನ ರಸ್ತೆ ಮೇಲೆ ಅಂಥ ಭಾರ ಹೋದ್ರೆ ಏನಾಗತ್ತೆ ಅಂತ ಲೆಕ್ಕ ಹಾಕೋಕೆ ಎಂಜಿನಿಯರ್ ಬೇಕಾಗಿಲ್ಲ. ಅಲ್ಲಿ ಪಿಕಪ್ಪಿಗೆ ಒಡೆದು ತರೋದೇ ಸರಿ, ಡೀಸೆಲ್ ಎರಡು ಪಟ್ಟಾದ್ರೂ ಸರಿ. ಮಳೆಗಾಲದ ತಡೆಯನ್ನ ವಿರೋಧಿಸೋಕೆ ನನ್ನ ಈ ಉತ್ತರ ಯಾರಾದ್ರೂ ತೋರಿಸಿದ್ರೆ ದಯವಿಟ್ಟು ನನ್ನ ಹೆಸರು ಹೇಳ್ಬೇಡಿ.

ಹಾಗಾದ್ರೆ ಮೇನ್ ರೋಡ್ ಜಾಮ್‌ಗೆ ಏನು ಮಾಡೋದು? ನನಗನ್ಸೋದು ಜಾಮ್ ಮಾಡೋದು ಓಡೋ ಲಾರಿ ಅಲ್ಲ, ನಿಂತ ಲಾರಿ. ಅದು ಯಾಕೆ ರಸ್ತೆ ನಡುವೆ ನಿಲ್ಲತ್ತೆ ಅಂದ್ರೆ ಅಂಗಡಿ ಮುಂದಿನ ಜಾಗದಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಒಂದು ಕಾರು ನಿಂತಿರತ್ತೆ. ಆ ಕಾರು ಯಾರದ್ದು? ಅರ್ಧ ಟೂರಿಸ್ಟ್‌ದು, ಇನ್ನರ್ಧ, ಬೇಜಾರಾಗ್ಬೇಡಿ, ಅಂಗಡಿ ಮಾಲೀಕರದ್ದೇ. ನಿಮಗೂ ಒಂದೆರಡು ಮಾತಿದೆ ಅಂದಿದ್ನಲ್ಲ, ಅದರಲ್ಲಿ ಇದು ಒಂದು. ನಾಲ್ಕೈದು ಕಡೆ ಮಾಲು ಇಳಿಸೋಕೆ ಅಂತಲೇ ಗೆರೆ ಎಳೆದು ಜಾಗ ಬಿಡಿ, ಅಲ್ಲಿ ಕಾರು ನಿಂತ್ರೆ ದಂಡ, ಲಾರಿ ಒಂದು ಗಂಟೆಗಿಂತ ಜಾಸ್ತಿ ನಿಂತ್ರೂ ದಂಡ. ಇನ್ನೊಂದು ಮಾತು, 180 ಚೀಲ ಇಳಿಸೋಕೆ ಇಬ್ಬರೇ ಹಮಾಲರನ್ನ ಇಟ್ಟು ಎರಡೂವರೆ ಗಂಟೆ ರಸ್ತೆ ಹಿಡೀಬೇಡಿ, ನಾಲ್ಕು ಜನ ಹಾಕಿ. ಆ ಎರಡೂವರೆ ಗಂಟೆ ಹಿಂದೆ ನಿಂತಿರೋ ಬಸ್ಸು, ಕಾರು ಎಲ್ಲಾ ಎಂಜಿನ್ ಆನ್ ಇಟ್ಕೊಂಡು ಬಿಡೋ ಹೊಗೆ ನಿಮ್ಮ ಲಾರಿ ಹೊಗೆಗಿಂತ ಜಾಸ್ತಿ.

ಹೊತ್ತು ನಿಗದಿ ಮಾಡ್ಲೇಬೇಕು ಅಂದ್ರೆ ಹನ್ನೆರಡು ಗಂಟೆ ಯಾಕೆ? ಜಾಮ್ ಆಗೋದು ಶಾಲೆ, ಆಫೀಸಿಗೆ ಹೋಗೋ ಎಂಟೂವರೆಯಿಂದ ಹತ್ತು, ಮತ್ತೆ ಸಂಜೆ ನಾಲ್ಕರಿಂದ ಆರೂವರೆ. ಅಷ್ಟು ಹೊತ್ತು ತಡೀರಿ, ಮಧ್ಯಾಹ್ನ ಹನ್ನೊಂದರಿಂದ ಮೂರೂವರೆ ಬಿಡಿ. ಬಿಸಿಲಿರೋ ಹೊತ್ತು, ಗಾಳಿ ಮೇಲೇಳೋ ಹೊತ್ತು, ಆನೆ ಕಾಟನೂ ಕಡಿಮೆ. ಭಾನುವಾರ ಸಂತೆ ದಿನ, ದಸರಾ ದಿನಗಳಲ್ಲಿ ಪೂರ್ತಿ ಬೇಡ, ಅದಕ್ಕೆ ನಾನೂ ಕೈ ಎತ್ತುತೀನಿ. ಬಿಎಸ್-6 ಲಾರಿಗೆ ಒಂದು ಗಂಟೆ ಜಾಸ್ತಿ ಕೊಟ್ರೆ ಹೊಸ ಗಾಡಿ ಇಟ್ಟವನಿಗೆ ಒಂದು ಲಾಭ ಆದ್ರೂ ಆಗತ್ತೆ. ಜನವರಿಯಿಂದ ಮಾರ್ಚ್ ತನಕ ರೋಬಸ್ಟಾ ಕೊಯ್ಲು, ಆಗ ಕಾಫಿ ಚೀಲ ತುಂಬಿದ ಗಾಡಿಗಳು ಕ್ಯೂರಿಂಗ್ (ಕಾಫಿ ಬೀಜ ಸಂಸ್ಕರಿಸೋ ಕಾರ್ಖಾನೆ) ಕಡೆ ಹೊರಡೋ ಕಾಲ, ಆ ಮೂರು ತಿಂಗಳ ವೇಳಾಪಟ್ಟಿ ಬೇರೆನೇ ಇರ್ಬೇಕು, ಬೆಂಗಳೂರಿನದ್ದನ್ನ ಕಾಪಿ ಹೊಡೆದ್ರೆ ಆಗಲ್ಲ. ಹಾದುಹೋಗೋ ಲಾರಿಗೆ ಮಾತ್ರ ಹೊತ್ತಿನ ತಡೆ ಸಾಲಲ್ಲ, ದಾರಿ ಬೇಕು, ಅದು ದುಡ್ಡಿನ ಮಾತು, ನಿಮ್ಮಿಂದ ನನ್ನಿಂದ ಆಗೋದಲ್ಲ.

ಕಾನೂನು ಗೊತ್ತಿರ್ಲಿ. ಇಂಥ ತಡೆ ಹಾಕೋದು 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಕೆಳಗೆ. ಒಂದು ತಿಂಗಳ ಒಳಗಿನ ತಡೆ ಆದ್ರೆ ಸ್ಥಳೀಯವಾಗಿ ಪ್ರಚಾರ ಮಾಡಿದ್ರೆ ಸಾಕು, ಅದಕ್ಕಿಂತ ಜಾಸ್ತಿ ಅಂದ್ರೆ ಗೆಜೆಟ್‌ನಲ್ಲಿ ಅಧಿಸೂಚನೆ ಬರ್ಬೇಕು. ಕಾರಣ ಏನು ಅಂತನೂ ಆ ಕಲಂನಲ್ಲೇ ಇದೆ, ಸಾರ್ವಜನಿಕರ ಸುರಕ್ಷೆ, ಅನುಕೂಲ, ಇಲ್ಲ ರಸ್ತೆ ಸೇತುವೆಯ ಸ್ಥಿತಿ. ಹಾಗಾಗಿ ಆದೇಶ ಆಗೋ ಮುಂಚೆ ಅರ್ಜಿ ಹಿಡ್ಕೊಂಡು ಹೋಗೋಕೆ ನಿಮಗೆ ದಾರಿ ಇದೆ, ಆದ್ರೆ ಬರೀ ನಮಗೆ ನಷ್ಟ ಆಗತ್ತೆ ಅಂತ ಬರೆದ್ರೆ ಯಾವ ಅಧಿಕಾರಿನೂ ಓದಲ್ಲ. ಲೆಕ್ಕ ತಗೊಂಡು ಹೋಗಿ.

ಲೆಕ್ಕ ಅಂದ್ರೆ ದೊಡ್ಡ ಸರ್ವೆ ಏನಲ್ಲ. ನಿಮ್ಮ ಅಂಗಡೀಲಿ ಕೂತಿರೋ ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಡಿ, ಒಂದು ವಾರ ಬೆಳಿಗ್ಗೆ 7ರಿಂದ ರಾತ್ರಿ 8ರ ತನಕ ಮುಂದೆ ಹೋಗೋ ಪ್ರತಿ ಲಾರಿಗೂ ಒಂದು ಗೆರೆ. ಚಕ್ರ ಎಷ್ಟು, ನಿಂತಿತಾ ಇಲ್ಲಾಂದ್ರೆ ಹಾದುಹೋಯ್ತಾ, ನಿಂತ್ರೆ ಎಷ್ಟು ನಿಮಿಷ, ನಿಲ್ಲೋಕೆ ಜಾಗ ಇತ್ತಾ ಇಲ್ಲ ಕಾರು ಅಡ್ಡ ಇತ್ತಾ. ಎದುರು ಸಾಲಿನ ಕಿರಾಣಿಯವರು, ಗೊಬ್ಬರದವರು ಒಬ್ಬೊಬ್ಬರು ಒಂದೊಂದು ಹೊತ್ತು ಹಂಚ್ಕೊಂಡ್ರೆ ಯಾರಿಗೂ ಹೊರೆ ಆಗಲ್ಲ. ಸಂತೆ ದಿನದ್ದನ್ನ ಮಾತ್ರ ಬೇರೆ ಪುಟದಲ್ಲಿ ಬರ್ಕೊಳ್ಳಿ, ಭಾನುವಾರದ ಲೆಕ್ಕ ಬಾಕಿ ದಿನಕ್ಕೆ ಬೆರೆತ್ರೆ ಹಾಕಿದ ಶ್ರಮ ಎಲ್ಲಾ ದಂಡ. ವಾರ ಮುಗಿದ ಮೇಲೆ ಆ ಪುಟಗಳ ಫೋಟೋ ತೆಗೆದು ಕಳಿಸಿ, ಕೂಡಿಸಿ ಕಳೆದು ಕೊಡೋ ಕೆಲಸ ನಂದು.